ಮೂರನೆಯ ಬೇರು

ನಾನು ಆ ಊರಿಗೆ ಹಲ್ಲಿನ ಡಾಕ್ಟರಾಗಿ ಹೋದಾಗ, ನನಗಿಂತ ಮೊದಲು ಅಲ್ಲಿದ್ದ ವಯಸ್ಸಾದ ಡಾಕ್ಟರು ದವಾಖಾನೆಯ ಕೀಲಿಕೈಯ ಜೊತೆಗೆ ಒಂದು ದೊಡ್ಡ ರೇಡಿಯೊವನ್ನೂ ಒಪ್ಪಿಸಿದರು. "ಕುರ್ಚಿ ಕೆಟ್ಟರ ಹೆಂಗೋ ನಡೀತದ, ರೇಡಿಯೊ ಮಾತ್ರ ಕೆಡಗೊಡಬ್ಯಾಡ್ರಿ" ಎಂದರು. ಯಾಕೆಂದು ಕೇಳಿದ್ದಕ್ಕೆ ನಕ್ಕು, "ಮೊದಲನೇ ನರ ತೆಗೀರಿ, ತಾನ ತಿಳೀತದ" ಎಂದು ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದರು.

ತಿಳಿಯುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಅಂಚೆ ಕಚೇರಿಯ ಫಕೀರಪ್ಪ ಕೆನ್ನೆ ಊದಿಸಿಕೊಂಡು ಬಂದ. ಹಲ್ಲು ಕೊರೆದು, ಕೂದಲಿನಷ್ಟು ಸಣ್ಣ ಮುಳ್ಳುಸೂಜಿಯನ್ನು ಬೇರಿನೊಳಗೆ ಇಳಿಸಿ, ಒಂದು ಸುತ್ತು ತಿರುಗಿಸಿ ಮೇಲಕ್ಕೆಳೆದೆ. ಮುಳ್ಳಿಗೆ ಸಿಕ್ಕಿಕೊಂಡು ನರ ದಾರದ ಹಾಗೆ ಬಂತು. ಅದರ ಹಿಂದೆಯೇ ಹರೆಯದ ಹುಡುಗನೊಬ್ಬನ ದನಿ ಕೋಣೆಯಲ್ಲಿ, "ಇನ್ನೊಂದು ಹೋಳಿಗಿ ಹಾಕ್ರಲಾ" ಎಂದಿತು. ಕುರ್ಚಿಯಲ್ಲಿದ್ದ ಫಕೀರಪ್ಪನ ನಾಲಿಗೆ ಅಲುಗಿರಲಿಲ್ಲ. ನನ್ನ ಕೈಯಲ್ಲಿದ್ದ ಸೂಜಿ ಕೆಳಗೆ ಬಿತ್ತು. ಬಾಯಿ ಮುಕ್ಕಳಿಸಿ ಉಗುಳಿದ ಮೇಲೆ ಅವನೇ ನಾಚಿಕೊಂಡು ಹೇಳಿದ: "ನನ್ನ ಮದುವ್ಯಾಗಿಂದ್ರಿ ಅದು. ಬೀಗರ ಮುಂದ ಕೇಳಾಕ ನಾಚಿಕಿ ಆಗಿ, ಹಲ್ಲು ಕಚ್ಕೊಂಡು ಎದ್ದು ಹೋಗಿದ್ದೆ."

ಆ ಊರಿನಲ್ಲಿ ಹಾಗೆ. ಹಲ್ಲು ಕಚ್ಚಿ ತಡೆದ ಮಾತು ಬೇರಿಗಿಳಿದು ಕೂತುಬಿಡುತ್ತಿತ್ತು. ನರ ತೆಗೆದಾಗ, ಆಡಬೇಕೆಂದಿದ್ದ ಕಾಲದ ದನಿಯಲ್ಲೇ ಒಂದು ಸಲ ಹೊರಬಿದ್ದು ಮುಗಿದುಹೋಗುತ್ತಿತ್ತು. ಅಲ್ಲಿಯವರಿಗೆ ಅದು ಮಳೆ ಬಿಸಿಲಿನಷ್ಟು ಸಹಜ. ದವಾಖಾನೆಗೆ ಜೊತೆಯಲ್ಲಿ ಯಾರನ್ನು ಕರೆತರಬೇಕು, ಯಾರನ್ನು ತರಬಾರದು ಎಂದು ಮನೆಯಲ್ಲೇ ತೀರ್ಮಾನವಾಗುತ್ತಿತ್ತು. ಅತ್ತೆಯ ಜೊತೆ ಸೊಸೆ ಬಂದದ್ದನ್ನು ನಾನು ಕಾಣಲಿಲ್ಲ. ಊರಿನ ದೊಡ್ಡ ಮನುಷ್ಯರು ರೇಡಿಯೊ ಹಚ್ಚಿದ್ದು ಸಾಲದೆಂದು ಹೊರಗೆ ಮೋಟಾರ್ ಸೈಕಲ್ ಚಾಲೂ ಇಡಿಸುತ್ತಿದ್ದರು. ಇನ್ನು ಕೆಲವರು ನರದ ಉಸಾಬರಿಯೇ ಬೇಡವೆಂದು ಹಲ್ಲನ್ನೇ ಕೀಳಿಸಿಕೊಳ್ಳುತ್ತಿದ್ದರು. ಇಡಿಯಾಗಿ ಕಿತ್ತ ಹಲ್ಲು ಮಾತಾಡುವುದಿಲ್ಲ. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಹೊಳೆಗೆ ಬಿಟ್ಟರೆ ಆಯಿತು.

ನನಗೆ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಊರಿನ ಕಸುಬೇ ಸಕ್ಕರೆಯದು. ಬತ್ತಾಸು, ಕಲ್ಲುಸಕ್ಕರೆ, ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಹಿಡಿಯುವ ಸಕ್ಕರೆ ಆರತಿ, ಆನೆ, ಒಂಟೆ, ಗೋಪುರ, ಎಲ್ಲ ಅಲ್ಲಿಂದಲೇ ಸುತ್ತಲ ಊರುಗಳಿಗೆ ಹೋಗುತ್ತಿದ್ದವು. ಸಕ್ಕರೆ ಓಣಿಯಲ್ಲಿ ಹುಳುಕಿಲ್ಲದ ಬಾಯಿ ಹುಡುಕಿದರೂ ಸಿಗುತ್ತಿರಲಿಲ್ಲ.

ಆ ಓಣಿಯಿಂದಲೇ ನೀಲಗಂಗವ್ವ ಬಂದದ್ದು. ಅರವತ್ತು ದಾಟಿದ, ಎತ್ತರದ, ಒಣಕಲು ಹೆಂಗಸು. ಪಾಕದ ಕೊಪ್ಪರಿಗೆಯ ಮುಂದೆ ನಿಂತು ನಿಂತು ಮುಖ ಕೆಂಪಗೆ ಬೆಂದ ಹಾಗಿತ್ತು. ಜೊತೆಗೆ ಸಾವಂತ್ರವ್ವ, ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು, ಗಿಡ್ಡ, ಮಾತಿಗೆ ಮುಂದು. ಅಕ್ಕ ತಂಗಿಯರೆಂದುಕೊಂಡೆ. ಅಲ್ಲ, ಸವತಿಯರು. ಗಂಡ ಮಡಿವಾಳಪ್ಪ ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲವೆಂದು ಎರಡನೆಯವಳನ್ನು ತಂದಿದ್ದ. ಅವಳಿಗೂ ಕೂಸು ದಕ್ಕಲಿಲ್ಲ. ಕೆಲವೇ ವರ್ಷಗಳಲ್ಲಿ ಅವನೂ ಜ್ವರ ಬಂದು ತೀರಿಕೊಂಡ. ಆಮೇಲೆ ಇಬ್ಬರೂ ಅದೇ ಮನೆಯಲ್ಲಿ ಅದೇ ಒಲೆಯ ಮುಂದೆ ಉಳಿದರು. ಒಬ್ಬಳು ಕಟ್ಟಿಗೆಯ ಅಚ್ಚು ಹಿಡಿದರೆ ಇನ್ನೊಬ್ಬಳು ಪಾಕ ಹೊಯ್ಯುವಳು. ಅವರ ಮನೆಯಿಂದ ಒಂದು ದಿನವೂ ಏರಿದ ದನಿ ಕೇಳಿದವರಿಲ್ಲ ಎಂದು ಓಣಿಯವರು ಹೇಳುತ್ತಿದ್ದರು.

ಎಕ್ಸ್-ರೇ ತೆಗೆದು ನೋಡಿದೆ. ಮೇಲಿನ ದವಡೆಯ ದೊಡ್ಡ ಹಲ್ಲು, ಮೂರು ಬೇರು. ಹುಳುಕು ನರದವರೆಗೆ ಹೋಗಿತ್ತು, ಬೇರು ಮಾತ್ರ ಗಟ್ಟಿ.

"ಕಿತ್ತಬಿಡ್ರಿ" ಎಂದಳು ನೀಲಗಂಗವ್ವ. "ಭಾಳ ವರ್ಷದ ನೋವು. ಸಾಕಾತು."

"ಕೀಳೂದ್ಯಾಕ?" ಸಾವಂತ್ರವ್ವ ನಡುವೆ ಬಾಯಿ ಹಾಕಿದಳು. "ಆ ಕಡೆ ಅಗಿಯಾಕ ಅದೊಂದ ಹಲ್ಲು ಉಳದೈತಿ. ನರ ತಗದು ಹಲ್ಲು ಉಳಸ್ರಿ ಡಾಕ್ಟ್ರಬಾಯಿ."

"ನಿನಗ್ಯಾಕ ನನ್ನ ಹಲ್ಲಿನ ಚಿಂತಿ?"

"ರೊಟ್ಟಿ ಮಾಡಾಕಿ ನಾ. ನಾಳೆ ನೀ ಹಾಲಿನ್ಯಾಗ ಹಿಚುಕಿಕೊಂಡು ಉಣ್ಣೂದು ನಂಗ ನೋಡಾಕಾಗಂಗಿಲ್ಲ."

ಹಲ್ಲಿನ ವಿಷಯದಲ್ಲಿ ಸಾವಂತ್ರವ್ವ ಹೇಳಿದ್ದೇ ಸರಿಯಾಗಿತ್ತು, ನಾನೂ ಹಾಗೆಂದೆ. ನೀಲಗಂಗವ್ವ ರೇಡಿಯೊದತ್ತ ನೋಡಿದಳು. ಕೊನೆಗೆ, "ಹಂಗಾರ ರೇಡಿಯೊ ಜೋರ ಹಚ್ಚಬೇಕು ನೋಡ್ರಿ" ಎಂದು ಒಪ್ಪಿಕೊಂಡಳು.

ಹೇಳಿದ ದಿನ ಬೆಳಿಗ್ಗೆ ಇಬ್ಬರೂ ಬಂದರು. ಸಾವಂತ್ರವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲು ನೋಡಿದೆ, ಅವಳು ಕೇಳಲಿಲ್ಲ. ತಾನು ಅಕ್ಕಾ ಎಂದೇ ಕರೆಯುವ ನೀಲಗಂಗವ್ವನ ಕಾಲ ಬಳಿ ಸ್ಟೂಲು ಎಳೆದುಕೊಂಡು ಕೂತಳು. ನೀಲಗಂಗವ್ವ ಬೇಡವೆನ್ನಲಿಲ್ಲ, ರೇಡಿಯೊದತ್ತ ಬೆರಳು ಮಾಡಿ ನನಗೆ ಮತ್ತೊಮ್ಮೆ ನೆನಪು ಮಾಡಿದಳಷ್ಟೆ. ವಸಡಿಗೂ ಅಂಗುಳಕ್ಕೂ ಸೂಜಿ ಚುಚ್ಚಿ, ಕೆನ್ನೆ ಜೋಮು ಹಿಡಿಯುವವರೆಗೆ ಕಾಯುತ್ತ, ನಾನು ತಟ್ಟೆಯಲ್ಲಿ ಹತ್ಯಾರಗಳನ್ನು ಜೋಡಿಸತೊಡಗಿದೆ. ಸಣ್ಣ ಕನ್ನಡಿ, ಮುಳ್ಳುಸೂಜಿ, ಬೇರಿನ ಒಳಗೋಡೆ ಉಜ್ಜುವ ಫೈಲುಗಳು. ಫೈಲುಗಳ ಹಿಡಿ ಅಳತೆಗೊಂದು ಬಣ್ಣ, ಬಿಳಿ, ಹಳದಿ, ಕೆಂಪು, ನೀಲಿ.

ಸಾವಂತ್ರವ್ವ ತಟ್ಟೆಯ ಮೇಲೆ ಬಗ್ಗಿ ನೋಡಿದಳು. "ಮೋನಪ್ಪನ ಹತ್ತಿರಾನೂ ಹಿಂಗ ಸಣ್ಣಸಣ್ಣ ಹತ್ಯಾರ ಇದ್ದು" ಎಂದಳು.

"ಯಾರು ಮೋನಪ್ಪ?"

"ಬಡಿಗೇರ ಮೋನಪ್ಪ. ನಮಗ ಸಕ್ಕರಿ ಅಚ್ಚು ಕೆತ್ತಿ ಕೊಡತಿದ್ದ. ಆನಿ ಕಣ್ಣಾಗಿನ ಗೆರಿ ಸುದ್ದಾ ಬಿಡತಿದ್ದಿಲ್ಲ." ಆಮೇಲೆ ಅಕ್ಕನ ಮುಖ ನೋಡದೆ ನನಗೆ ಹೇಳತೊಡಗಿದಳು. "ನಮ್ಮ ಮನೆಯವರು ಹೋದ ಮ್ಯಾಲೆ, ಒಂದೆರಡು ವರ್ಷಕ್ಕ, ಆತ ನನ್ನ ಮದುವಿ ಆಗ್ತೀನಿ ಅಂದ. ಬ್ಯಾರೆ ಊರಿಗೆ ಹೋಗಿ ಇರೂಣು ಅಂದ. ನಂಗ ಮನಸಿತ್ತು, ಸುಳ್ಳ್ಯಾಕ ಹೇಳ್ಲಿ. ಅಕ್ಕನ್ನ ಕೇಳದ ಏನೂ ಮಾಡಬಾರದು ಅಂತ, ಪಾಕ ತಿರುವಾಕ ನಿಂತಾಕಿ ಹತ್ತಿರ ಹೋಗಿ ಕೇಳಿದೆ. ಅಕ್ಕಾ, ಮೋನಪ್ಪ ಹಿಂಗಂತಾನ, ಏನ್ ಮಾಡ್ಲಿ ಅಂತ."

ಕುರ್ಚಿಯಲ್ಲಿದ್ದ ನೀಲಗಂಗವ್ವನ ಕೈ ಸೆರಗನ್ನು ಮುದ್ದೆ ಮಾಡುತ್ತಿತ್ತು.

"ಏನೂ ಅನಲಿಲ್ರಿ ಆಕಿ. ಹಲ್ಲು ಕಚ್ಚಿದ್ದು ನಂಗ ಕೇಳಿಸ್ತು. ಕಟ್ ಅಂತು. ಪಾಕ ತಿರುವುಕೋತ ನಿಂತ್ಲು. ನಂಗ ತಿಳೀತು, ಹೇಸಿಗಿ ಬಂದೈತಿ ಆಕಿಗೆ ನನ್ನ ಕಂಡು. ಮದಲ ಆಕಿ ಗಂಡನ್ನ ಹಂಚಿಕೊಂಡೆ, ಅಂವ ಹೋಗಿ ವರ್ಷೆರಡಾಗಿಲ್ಲ, ಮತ್ತೊಬ್ಬನ ಹಿಂದ ಹೊಂಟೆ. ಯಾರಿದ್ರೂ ಶಾಪ ಹಾಕ್ತಾರ. ಆಕಿ ನುಂಗಿಕೊಂಡ್ಲು. ನಾನೂ ಮೋನಪ್ಪಗ ಆಗಂಗಿಲ್ಲ ಅಂತ ಹೇಳಿ ಕಳಿಸಿದೆ. ಅವತ್ತಿಂದ ಈ ಹಲ್ಲು ನೂಸಾಕ ಹತ್ತೈತ್ರಿ." ಅವಳ ದನಿ ಇಳಿಯಿತು. "ರೇಡಿಯೊ ಹಚ್ಚಬ್ಯಾಡ್ರಿ. ಏನ್ ಬೈದಾಳೋ ಬೈಲಿ. ಇಷ್ಟು ವರ್ಷ ಒಂದ ತಾಟಿನ್ಯಾಗ ಉಂಡೀವಿ, ಒಳಗ ನನ್ನ ಮ್ಯಾಲೆ ಇಷ್ಟು ಸಿಟ್ಟು ಇಟ್ಕೊಂಡು ಹೆಂಗ ಉಂಡ್ಲೋ ಅಂತ ದಿನಾ ಅನಿಸತೈತಿ ನಂಗ. ಅಂದು ಹಗುರಾಗ್ಲಿ."

ನೀಲಗಂಗವ್ವ ಏನೋ ಹೇಳಲು ಬಾಯಿ ತೆರೆದಳು. ಕೆನ್ನೆ ಅಂಗುಳ ಎಲ್ಲ ಜೋಮು ಹಿಡಿದಿತ್ತು. ಮಾತು ಕಲಸಿದ ಹಿಟ್ಟಿನ ಹಾಗೆ ಹೊರಬಿತ್ತು, ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ಅವಳ ಕಣ್ಣಿನ ಬದಿಯಿಂದ ನೀರಿಳಿದು ಕಿವಿಯ ಹತ್ತಿರ ಹೋಯಿತು.

"ನೋವಾಗ್ತಿದೆಯಾ?" ಎಂದೆ. ಇಲ್ಲವೆಂದು ತಲೆಯಲ್ಲಾಡಿಸಿದಳು.

ಬಾಯಿಗೆ ರಬ್ಬರ್ ಹಾಳೆ ಕಟ್ಟಿದೆ. ಹಾಳೆಯ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುತ್ತಿತ್ತು. ಕೊರೆದು ಬೇರಿನ ಮೂರು ಬಾಯಿಗಳನ್ನು ತೆರೆದೆ. ಮುಳ್ಳುಸೂಜಿ ಎತ್ತಿಕೊಳ್ಳುವ ಮೊದಲು, ರೋಗಿ ಹೇಳಿದಂತೆ ನಡೆಯುವುದು ನನ್ನ ಕರ್ತವ್ಯವೆಂದು ರೇಡಿಯೊ ಹಚ್ಚಲು ಕೈ ಚಾಚಿದೆ. ನೀಲಗಂಗವ್ವ ನನ್ನ ಮಣಿಕಟ್ಟು ಹಿಡಿದಳು. ಕೊಪ್ಪರಿಗೆ ತಿರುವಿದ ಕೈ, ಹಿಡಿತ ಬಲವಾಗಿತ್ತು. ಬೇಡ ಎಂದು ತಲೆಯಲ್ಲಾಡಿಸಿದಳು. ನಾನು ಖಚಿತಪಡಿಸಿಕೊಳ್ಳಲು ಮತ್ತೆ ಕೇಳಿದೆ. ಮತ್ತೆ ಅದೇ ಸನ್ನೆ ಮಾಡಿದಳು, ನನ್ನ ಕೈ ಬಿಟ್ಟಳು, ಕಣ್ಣು ಮುಚ್ಚಿಕೊಂಡಳು.

ಮೊದಲನೆಯ ಬೇರಿನಿಂದ ನರ ಸಲೀಸಾಗಿ ಬಂತು. ಹೆಂಗಸಿನ ದನಿ, ವಯಸ್ಸಿನ್ನೂ ಚಿಕ್ಕದು, ಸ್ವಲ್ಪ ಮುನಿಸು. "ನನಗೂ ಒಂದು ಹಸರ ಸೀರಿ ತರಬೇಕಿತ್ರಿ."

ಸಾವಂತ್ರವ್ವ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯ ಶಿವನ. ನನ್ನ ಸೀಮಂತದ ಸೀರಿ ಅದು, ಹಸರದು. ಆ ಬಸರು ನಿಲ್ಲಲಿಲ್ಲ ಅಂತ ಒಂದು ಸರ್ತಿನೂ ಉಡಲಿಲ್ಲ. ಕೇಳಿದ್ರ ಕೊಡತಿದ್ನಲ್ಲವಾ" ಎಂದು ಅಕ್ಕನ ಪಾದ ಹಿಡಿದು ಅಲುಗಿಸಿದಳು. ನಗುವಿನ ಜೊತೆಗೇ ಅವಳಿಗೆ ಅಳುವೂ ಬಂದಿತ್ತು.

ಎರಡನೆಯ ಬೇರು ಬರಿದಾಗಿತ್ತು. ನರ ಬಂತು, ಮಾತು ಬರಲಿಲ್ಲ.

ಮೂರನೆಯದು ಅಂಗುಳದ ಕಡೆಯ ಬೇರು, ಉದ್ದ. ಸೂಜಿ ತುದಿಯವರೆಗೆ ಇಳಿಸಿ, ಮೆಲ್ಲಗೆ ತಿರುಗಿಸಿ ಎಳೆದೆ. ಆಮೇಲೆ ಅದೇ ದನಿ, ಈಗ ಮುನಿಸಿರಲಿಲ್ಲ, ಉಸಿರು ಕಟ್ಟಿದವರ ಹಾಗಿತ್ತು.

"ಹೋಗು ಸಾವಂತ್ರಿ. ಚೊಲೋ ಮನಶ್ಯಾ ಅದಾನ. ನನ್ನ ಚಿಂತಿ ಬಿಡು, ನೀ ಹೋಗು."

ಅಷ್ಟೇ. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದದ್ದು ಕೇಳಿಸಿತು.

ಸಾವಂತ್ರವ್ವ ಹಿಡಿದಿದ್ದ ಪಾದವನ್ನು ಬಿಟ್ಟಳು. ಸರಿಯಾಗಿ ಕೇಳಿಸದವರು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಎದ್ದು ನಿಂತು ಕುರ್ಚಿಯ ಮೇಲೆ ಬಗ್ಗಿದಳು.

"ಶಾಪ ಅಲ್ಲೇನ ಅಕ್ಕಾ ಅದು?"

ನೀಲಗಂಗವ್ವ ಕಣ್ಣು ತೆರೆದಳು.

"ಹೋಗು ಅನ್ನಬೇಕು ಅಂತಿದ್ದೇನು ನೀ? ಮತ್ಯಾಕ ಅನಲಿಲ್ಲ?"

ಬಾಯಲ್ಲಿ ರಬ್ಬರ್ ಹಾಳೆ, ಹಾಳೆಯ ಹಿಂದೆ ಜೋಮು ಹಿಡಿದ ಅಂಗುಳ. ನೀಲಗಂಗವ್ವನ ಗಂಟಲಿನಿಂದ ಒಂದು ಸದ್ದು ಬಂತು. ನಾನು ಆತುರಾತುರವಾಗಿ ಹಾಳೆ ಬಿಚ್ಚಲು ಹೋದೆ, ಆದರೆ ತೆರೆದ ಬೇರುಗಳನ್ನು ಹಾಗೇ ಬಿಡುವಂತಿರಲಿಲ್ಲ. "ಒಂದು ಸ್ವಲ್ಪ ತಡೀರಿ ಸಾವಂತ್ರವ್ವ, ಮದ್ದು ತುಂಬಿ ಮುಚ್ಚಿಬಿಡ್ತೀನಿ. ಜೋಮು ಇಳಿದ ಮೇಲೆ ಮಾತಾಡ್ತಾರೆ" ಎಂದೆ.

"ತಡದದ್ದು ಸಾಕಾತ್ರಿ" ಎಂದಳು ಅವಳು. ಏರಿದ ದನಿಯಲ್ಲ. ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು, ಚೀಲ ತೆಗೆದುಕೊಂಡು ಹೊರಗೆ ಹೋದಳು.

ಮುಚ್ಚುವ ಕೆಲಸ ಮುಗಿಸಿ ನೀಲಗಂಗವ್ವನನ್ನು ಬೆಂಚಿನ ಮೇಲೆ ಕೂರಿಸಿದೆ. ಮನೆಗೆ ಹೋಗಲು ಒಪ್ಪಲಿಲ್ಲ. ಬಾಗಿಲಿನ ಕಡೆ ನೋಡುತ್ತ, ಕೆನ್ನೆ ಒತ್ತಿ ಒತ್ತಿ ನೋಡಿಕೊಳ್ಳುತ್ತ ಕೂತಿದ್ದಳು. ನಾನು ಇನ್ನಿಬ್ಬರು ರೋಗಿಗಳನ್ನು ನೋಡಿ ಬರುವಷ್ಟರಲ್ಲಿ ಬಾಯಿ ಅವಳ ಮಾತು ಕೇಳುವಂತಾಗಿತ್ತು.

"ಅಂದಿದ್ರ ಹೋಗತಿದ್ಲಲ್ರಿ" ಎಂದಳು. ನಾನು ಏನೂ ಕೇಳಿರಲಿಲ್ಲ. "ನಾಲಿಗಿ ತುದೀಗೆ ಬಂದಿತ್ತು. ಮನಿ ನೋಡಿದೆ. ಆಕಿ ಹೋದ ಮ್ಯಾಲೆ ಈ ಮನ್ಯಾಗ ನಾ ಒಬ್ಬಾಕಿ ಹೆಂಗ ಇರ್ಲಿ ಅನಿಸ್ತು. ನಾಳೆ ಹೇಳಿದ್ರಾತು ಅಂದ್ಕೊಂಡೆ. ಮರುದಿನ ಆಕೀನ ಬಂದು, ಮೋನಪ್ಪಗ ಬ್ಯಾಡ ಅಂತ ಹೇಳೀನಿ ಅಕ್ಕಾ ಅಂದ್ಲು. ನಂಗ ಎಷ್ಟು ಸಮಾಧಾನ ಆತು ಅಂತೀರಿ. ಅವತ್ತ ಹುಗ್ಗಿ ಮಾಡಿ ಹಾಕಿದೆ ಆಕಿಗೆ."

"ರೇಡಿಯೊ ಯಾಕೆ ಬೇಡ ಅಂದ್ರಿ?"

"ನಾ ಆಕೀನ ದ್ವೇಷಾ ಮಾಡೀನಿ ಅಂತ ತಿಳ್ಕೊಂಡಿದ್ಲಲ್ರಿ. ಅದನ್ನ ಹೊತ್ಕೊಂಡು ಸಾಯ್ತಿದ್ಲು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ನ ಸಣ್ಣತನ ನಂಗ ಇರ್ಲಿ. ಆಕಿಗೆ ಅದ್ಯಾಕ?"

ಸಾವಂತ್ರವ್ವ ಆ ದಿನ ಸಕ್ಕರೆ ಓಣಿಗೆ ಹೋಗಲಿಲ್ಲ. ಹೊಳೆಯಾಚೆ ಅವಳ ಅಣ್ಣನ ಮಗಳಿದ್ದಳು, ಅಲ್ಲಿಗೆ ಹೋದಳು. ಮಾರನೆಯ ವಾರ ನೀಲಗಂಗವ್ವ ಒಬ್ಬಳೇ ಬಂದಳು. ಫೈಲುಗಳನ್ನು ಒಂದೊಂದಾಗಿ ಇಳಿಸಿ ಬೇರುಗಳ ಒಳಗೋಡೆ ಉಜ್ಜಿದೆ, ತೊಳೆದೆ, ಕಾಗದದ ಕಡ್ಡಿಯಿಂದ ಒರೆಸಿ ಒಣಗಿಸಿದೆ, ಗುಲಾಬಿ ಬಣ್ಣದ ರಬ್ಬರ್ ಕಡ್ಡಿಗಳನ್ನು ತುಂಬಿ ಒತ್ತಿದೆ. ಹಲ್ಲಿನ ಮೇಲೆ ಲೋಹದ ಟೋಪಿ ಕೂರಿಸುವುದೊಂದು ಉಳಿಯಿತು. ಓಣಿಗೆ ಕೆಲಸದ ಸುಗ್ಗಿ, ಗೌರಿ ಹುಣ್ಣಿಮೆ ಹತ್ತಿರ ಬಂದಿತ್ತು. ಕೂಲಿಗೆ ಒಬ್ಬಳನ್ನು ಕರೆದುಕೊಂಡಿದ್ದಾಳಂತೆ. ಅವಳಿಗೆ ಅಚ್ಚು ಹಿಡಿಯಲು ಬಾರದೆ ಆನೆಗಳ ಸೊಂಡಿಲು ಮುರಿಯುತ್ತಿವೆಯಂತೆ. ಬಾಯಿ ಮುಕ್ಕಳಿಸಿದ ಮೇಲೆ ಕೇಳಿದಳು:

"ಇನ್ನ ನೂಸಂಗಿಲ್ಲಲ್ರಿ ಇದು?"

"ಇಲ್ಲ ನೀಲಗಂಗವ್ವ. ನರಾನೇ ಇಲ್ಲವಲ್ಲ."

"ನೂಸತಿದ್ರ ಚೊಲೋ ಇತ್ತು" ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ, ನಾನು ದವಾಖಾನೆಯ ಬಾಗಿಲು ಹಾಕಿ ಊಟಕ್ಕೆ ಹೊರಟಿದ್ದಾಗ ಸಾವಂತ್ರವ್ವ ಬಂದಳು. ಕಾಲೆಲ್ಲ ಧೂಳು. ಕೂರುವುದಕ್ಕೆ ಮೊದಲೇ, "ಹೋಗಿ ಬಂದೆ ಡಾಕ್ಟ್ರಬಾಯಿ" ಎಂದಳು. ಮೋನಪ್ಪನ ಊರಿಗೆ ಹೋಗಿದ್ದಳು. ಮೂರು ಬಸ್ಸು ಬದಲಾಯಿಸಿ, ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದಳಂತೆ.

"ಪಡಸಾಲ್ಯಾಗ ಕುಂತಿದ್ದ. ಸಕ್ಕರಿ ರೋಗ ಆಗಿ ಕಣ್ಣು ಹೋಗ್ಯಾವ. ಹೇಣ್ತಿ ಭಾಳ ಚೊಲೋ ಹೆಣಮಗಳು. ಯಾರು ಬೇಕವ್ವಾ ಅಂದ್ಲು. ನಂಗ ಏನ್ ಹೇಳೂದು ತಿಳೀಲಿಲ್ಲ. ಅಚ್ಚು ಕೆತ್ತಿಸಾಕ ಬಂದೀನಿ ಅಂದೆ. ಕುಂತಲ್ಲಿಂದ ಆತ ಕೇಳಿದ, ಯಾರು ಬಂದಾರ ಅಂತ. ಅಚ್ಚು ಬೇಕಂತ ಅಂದ್ಲು ಆಕಿ. ಕೆತ್ತೂದು ಬಿಟ್ಟೀನಿ ಅಂತ ಹೇಳು, ಚಾ ಕೊಟ್ಟು ಕಳಸು ಅಂದ." ಸಾವಂತ್ರವ್ವ ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು. "ದನಿ ಹಂಗ ಐತ್ರಿ. ಚಾ ಕುಡದೆ, ಬಂದೆ."

"ಹೆಸರು ಹೇಳಲಿಲ್ವಾ?"

"ಹೇಳಿ ಏನ್ ಮಾಡೂದು? ಆತನ ಮೊಮ್ಮಕ್ಕಳು ತೊಡೀ ಮ್ಯಾಲೆ ಕುಂತಿದ್ದು."

ನಾನು ನೀರು ಕೊಟ್ಟೆ. ಕುಡಿದಳು. ಅಕ್ಕನ ಮೇಲೆ ಸಿಟ್ಟಿದೆಯೇ ಎಂದು ಕೇಳಬೇಕೆನಿಸಿತು. ಅವಳೇ ಹೇಳಿದಳು. "ಶಾಪ ಹಾಕಿದ್ರ ಸುಲಭ ಇತ್ತು ನೋಡ್ರಿ. ನಾನೂ ತಪ್ಪು ಮಾಡಿದ್ದೆ, ಆಕೀನೂ ಬೈದ್ಲು, ಅಲ್ಲಿಗೆ ಮುಗೀತಿತ್ತು. ಈಗ ಆಕಿ ಮ್ಯಾಲೆ ಸಿಟ್ಟು ಮಾಡ್ಲೋ, ಅಷ್ಟು ಬೇಕಾಗಿದ್ನಲ್ಲ ನಾ ಆಕಿಗೆ ಅಂತ ಅಳಲೋ ತಿಳೀವಲ್ದು." ಲೋಟ ಕೆಳಗಿಟ್ಟು, ಹೋಗುವ ಮುಂಚೆ ಕೇಳಿದಳು, "ಅಕ್ಕನ ಹಲ್ಲಿಗೆ ಟೊಪ್ಪಿಗಿ ಎಂದ ಹಾಕ್ತೀರಿ?"

ಗುರುವಾರ ಎಂದೆ.

ಗುರುವಾರ ನೀಲಗಂಗವ್ವನ ಹಲ್ಲಿಗೆ ಟೋಪಿ ಕೂರಿಸಿ, ಕಚ್ಚಿಸಿ ನೋಡಿ, ಹೊರಗೆ ಕಳಿಸಿದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಸಾವಂತ್ರವ್ವ ಕೂತಿದ್ದಳು. ಎಷ್ಟು ಹೊತ್ತಿನಿಂದ ಬಂದು ಕೂತಿದ್ದಳೋ, ನನಗೆ ಗೊತ್ತಾಗಿರಲಿಲ್ಲ. ಕಾಯುತ್ತಿದ್ದ ಉಳಿದವರು ಇಬ್ಬರನ್ನೂ ನೋಡಿ, ಮಾತು ನಿಲ್ಲಿಸಿ, ಜಾಗ ಬಿಟ್ಟು ಸರಿದು ಕೂತರು.

ನೀಲಗಂಗವ್ವ ಬಾಗಿಲಲ್ಲೇ ನಿಂತಳು. ಈ ಸಲ ಸೂಜಿ ಚುಚ್ಚಿರಲಿಲ್ಲ, ಜೋಮಿನ ನೆಪವಿರಲಿಲ್ಲ. ಅವಳ ದವಡೆ ಒಮ್ಮೆ ಬಿಗಿಯಿತು. ಅದು ಬಿಗಿಯುವ ಬಗೆ ನಮಗೆಲ್ಲ ಗೊತ್ತು. ಊರಿನವರು ಹಾಗೆ ಮಾಡುವುದನ್ನು ದಿನಾ ಕಾಣುತ್ತೇವೆ. ಆಮೇಲೆ ಸಡಿಲವಾಯಿತು.

"ಮನೀಗೆ ಬಾ ಸಾವಂತ್ರಿ" ಎಂದಳು, ಎಲ್ಲರೂ ಕೇಳುವ ಹಾಗೆ. "ನೀ ಇಲ್ದ ನಂಗ ಆಗವಲ್ದು. ಅವತ್ತೂ ಆಗತಿದ್ದಿಲ್ಲ. ಅದಕ್ಕ ಅನಲಿಲ್ಲ. ತಪ್ಪಾತು."

ಸಾವಂತ್ರವ್ವ ನೆಲ ನೋಡುತ್ತ ಕೂತಿದ್ದಳು. ಅವಳು ಎದ್ದು ಹೋಗುತ್ತಾಳೆಂದು ನಾನಂದುಕೊಂಡೆ, ಅಥವಾ ಎದ್ದು ತಬ್ಬಿಕೊಳ್ಳುತ್ತಾಳೆಂದು. ಎರಡೂ ಆಗಲಿಲ್ಲ. ತಲೆಯೆತ್ತಿ ಅಕ್ಕನ ಮುಖವನ್ನು, ಹೊಸ ಟೋಪಿ ಕೂರಿಸಿದ ಕಡೆಯ ಕೆನ್ನೆಯನ್ನು, ಬಹಳ ಹೊತ್ತು ನೋಡಿದಳು.

"ಇವತ್ತ ಬ್ಯಾಡ ಅಕ್ಕಾ" ಎಂದಳು.

"ಆತು" ಎಂದಳು ನೀಲಗಂಗವ್ವ.

ಇಬ್ಬರೂ ಒಟ್ಟಿಗೇ ಹೊರಗೆ ನಡೆದರು. ದವಾಖಾನೆಯ ಮೆಟ್ಟಿಲು ಕಡಿದು. ಇಳಿಯುವಾಗ ಸಾವಂತ್ರವ್ವ ಅಕ್ಕನ ಮೊಣಕೈ ಹಿಡಿದುಕೊಂಡಳು. ಕೆಳಗಿನ ಮೆಟ್ಟಿಲಿಗೆ ಬಂದ ಮೇಲೆ ಬಿಟ್ಟಳು, ಹೊಳೆಯ ಸೇತುವೆಯ ಕಡೆ ತಿರುಗಿ ಬಿಸಿಲಿಗೆ ಸೆರಗು ಹೊದ್ದುಕೊಂಡು ಹೋದಳು. ನೀಲಗಂಗವ್ವ ಅವಳು ಮರೆಯಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಸಕ್ಕರೆ ಓಣಿಯ ಕಡೆ ಹೊರಟಳು.